ಕಿವಿಗೆ ಕೇಳಿಸದ ಗೆರೆ

ನನ್ನ ಬೋಧನಾ ವಿಷಯ ಗಣಿತ ಮತ್ತು ವಿಜ್ಞಾನ. ಮುಂಡಾಜೆಯಲ್ಲಿ ಬೋಧನಾಭ್ಯಾಸ ನಡೆಯುತ್ತಿದ್ದಾಗ ಒಂದು ವಾರ ನಾಲ್ಕನೇ ತರಗತಿಯ ಇಂಗ್ಲಿಷ್ ಅವಧಿ ನನ್ನ ಪಾಲಿಗೆ ಬಂತು. ಪಾಠ ಅಪಾಸ್ಟ್ರಫಿ. ‘ಹೆಸರಿನ ಕೊನೆಗೆ ಎಸ್ ಬಂದರೆ ಅದರ ಮೊದಲು ಮೇಲ್ಗಡೆ ಸಣ್ಣ ಗೆರೆ ಹಾಕಿ’ ಎಂದು ಹೇಳಿಕೊಟ್ಟೆ. ಮರುದಿನ ಪುಸ್ತಕ ತಿದ್ದುವಾಗ ನೋಡಿದರೆ ಮಾವು, ಬಸ್ಸು, ದನ ಎಲ್ಲದರ ಬಹುವಚನಕ್ಕೂ ಗೆರೆ! ಪುಟ ತುಂಬ ಕೆಂಪು ಶಾಯಿ ಕಂಡ ಒಬ್ಬಳು ಹುಡುಗಿ, “ನೀವೇ ಹಾಗೆ ಹೇಳಿದ್ದಲ್ವಾ ಟೀಚರ್?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿನ ಹೆಚ್ಚಿನ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತನಾಡುವವರು. ಕೇಳಿದಂತೆ ಬರೆಯುವುದು ಅವರಿಗೆ ರೂಢಿ. ಕನ್ನಡದ ಹುಡುಗರು, ಹುಡುಗನ, ಹುಡುಗರ ಎಂಬ ಮೂರು ರೂಪಗಳೂ ಕಿವಿಗೆ ಬೇರೆ ಬೇರೆ. ತುಳುವಿನ ಜೋಕುಲು, ಜೋಕುಲೆನ ಕೂಡ ಹಾಗೆಯೇ. ಇಂಗ್ಲಿಷಿನಲ್ಲಾದರೆ ಆ ಮೂರಕ್ಕೂ ‘ಬಾಯ್ಸ್’ ಎಂಬ ಒಂದೇ ಉಚ್ಚಾರ. ಮಗುವಿಗೆ ಎಸ್ ಕೇಳಿಸುತ್ತದೆ, ಗೆರೆ ಕೇಳಿಸುವುದಿಲ್ಲ.

ಇಂಗ್ಲಿಷರಿಗೂ ಇದು ಸುಲಭವಾಗಿರಲಿಲ್ಲ. 16ನೇ ಶತಮಾನದಲ್ಲಿ ಫ್ರೆಂಚ್ ಬರಹದ ಮಾದರಿಯಲ್ಲಿ ಬಂದ ಈ ಚಿಹ್ನೆ ಮೊದಲು ಬಿಟ್ಟುಹೋದ ಅಕ್ಷರದ ಗುರುತಾಗಿತ್ತು. ಒಡೆತನ ತೋರಿಸುವ ನಿಯಮ ನೆಲೆಗೊಳ್ಳಲು 18ನೇ ಶತಮಾನದವರೆಗೆ ಕಾಯಬೇಕಾಯಿತು. ಬರ್ನಾರ್ಡ್ ಶಾ ‘ಡೋಂಟ್’ ಪದವನ್ನು ಗೆರೆಯಿಲ್ಲದೆಯೇ ಬರೆಯುತ್ತಿದ್ದರು.

ಮುಂದಿನ ಅವಧಿಯನ್ನು ಷಷ್ಠಿ ವಿಭಕ್ತಿಯಿಂದ ಆರಂಭಿಸಿದೆ. ಒಂದು ಕೊಡೆ ಎತ್ತಿ ಹಿಡಿದು ‘ಯಾರದ್ದು?’ ಎಂದೆ, ಹಿಂದಿನ ಬೆಂಚಿಗೆ ತುಳುವಿನಲ್ಲಿ ‘ಏರೆನ?’ ಎಂದೆ. ಈ ಪ್ರಶ್ನೆಗೆ ಉತ್ತರವಾದರೆ ಗೆರೆ, ‘ಎಷ್ಟು?’ ಎಂಬುದಕ್ಕೆ ಉತ್ತರವಾದರೆ ಗೆರೆ ಬೇಡ. ಹೆಚ್ಚಿನವರು ಸರಿಯಾಗಿ ಬರೆದರು. ‘ಅದರ’ ಎಂಬ ಅರ್ಥದ ‘ಇಟ್ಸ್’ ಮಾತ್ರ ಈ ಪ್ರಶ್ನೆಗೆ ಬಗ್ಗುವುದಿಲ್ಲ. ಅದನ್ನು ‘ಹಿಸ್’, ‘ಹರ್’ ಜೊತೆ ಸೇರಿಸಿ ಮುಂದೆ ಕಲಿಸಬಹುದು.

ಪಾಠ ವೀಕ್ಷಿಸಿದವರು ‘ಇಂಗ್ಲಿಷ್ ಅವಧಿಯಲ್ಲಿ ಕನ್ನಡದ ಬಳಕೆ ಹೆಚ್ಚಾಯಿತು’ ಎಂದು ಬರೆದರು. ಇಂಗ್ಲಿಷ್ ಹೆಚ್ಚು ಕಿವಿಗೆ ಬೀಳಬೇಕೆಂಬ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಕೇಳಿಸದ ಚಿಹ್ನೆಯನ್ನು ಇನ್ನಷ್ಟು ಇಂಗ್ಲಿಷ್ ಕೇಳಿಸಿ ಕಲಿಸುವುದು ಹೇಗೆ? ಬಹುವಚನ ಗಟ್ಟಿಯಾಗುವ ಮೊದಲು ಅಪಾಸ್ಟ್ರಫಿಗೆ ಹೋಗಬಾರದು, ಮಗುವಿನ ಭಾಷೆಯನ್ನು ಮೆಟ್ಟಿಲಾಗಿ ಬಳಸಬೇಕು, ನಾಲ್ಕನೇ ತರಗತಿಯಲ್ಲಿ ಈ ಗೆರೆಗಾಗಿ ಅಂಕ ಕಳೆಯಬಾರದು ಎಂಬುದು ನನ್ನ ಅಭಿಪ್ರಾಯ.

ಆ ಹುಡುಗಿಯ ಎರಡೂ ದಿನದ ಬರಹಗಳ ಪ್ರತಿಯನ್ನು ವೀಕ್ಷಕರ ಟಿಪ್ಪಣಿಯ ಪಕ್ಕದಲ್ಲೇ ನನ್ನ ದಾಖಲೆ ಪುಸ್ತಕಕ್ಕೆ ಅಂಟಿಸಿದ್ದೇನೆ. ಸಹಪಾಠಿಗಳು ನೋಡಿ ಹೇಳಬೇಕು.