ಗಿಟಾರ್ ಬಿಚ್ಚುವ ಮೊದಲು ಕೋಣೆ ನೋಡಿ

ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನಿಗೆ ಚಪ್ಪಾಳೆ ಕಡಿಮೆ, ಬೈಗುಳ ಜಾಸ್ತಿ. ಚೆನ್ನಾಗಿ ನುಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಕಳೆದ ವರ್ಷ ಕಾಲೇಜು ಫೆಸ್ಟ್‌ಗೆ ಮೂರು ವಾರ ಇರುವಾಗ ನನ್ನ ಕಡೆ ಹಾಗೆ ತಿರುಗಿ ನೋಡುವುದು ಶುರುವಾಯಿತು.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ಬಿಜೈಯಲ್ಲಿ ಗೆಳೆಯನ ಮನೆಯ ತಾರಸಿ ಮೇಲಿನ ಕೋಣೆಯಲ್ಲಿ. ಮೂಲೆಯಲ್ಲಿ ಕೂರುವ ಡ್ರಮ್ಮರ್ "ಎಂತ ಮಾರಾಯ, ಕಿವಿ ಒಡೆಯುತ್ತದೆ, ಕಡಿಮೆ ಮಾಡು" ಎನ್ನುತ್ತಿದ್ದ. ಅದೇ ಹಾಡಿನ ಅದೇ ಜಾಗದಲ್ಲಿ, ಕೋಣೆಯ ನಡುವೆ ನಿಂತ ಹಾಡುಗಾರ್ತಿ "ನಿನ್ನ ಬೇಸ್ ಕೇಳುವುದೇ ಇಲ್ಲವಲ್ಲ" ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರ ಮಾತು ನಿಜ? ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತನ್ನು: ನನ್ನ ಬೆರಳು ಸರಿ ಇಲ್ಲ. ಫೆಸ್ಟ್‌ಗೆ ಬೇಸ್ ಬೇಡ, ಕೀಬೋರ್ಡಿನ ಎಡಗೈ ಸಾಕು ಎಂಬ ಮಾತೂ ಬಂತು.

ನಮ್ಮ ವಯಸ್ಸಿನವರು ಮಾಡುವುದನ್ನೇ ನಾನೂ ಮಾಡಿದೆ. ಮೊದಲು ತಂತಿ ಬದಲಿಸಿದೆ. ಅದೂ ಸಾಲದೆ ಅಮ್ಮನ ಹತ್ತಿರ ಕಾಡಿ ಬೇಡಿ 3,500 ರೂಪಾಯಿಯ ಪೆಡಲ್ ತಂದೆ. ಡ್ರಮ್ಮರ್‌ಗೆ ಆಗಲೂ ಕಿವಿ ಒಡೆಯಿತು, ಹಾಡುಗಾರ್ತಿಗೆ ಆಗಲೂ ಕೇಳಲಿಲ್ಲ.

ಆ ಭಾನುವಾರ ಗಿಟಾರ್ ಮತ್ತು ಸಣ್ಣ ಆಂಪ್ ಹಿಡಿದುಕೊಂಡು ಬಜಪೆಯ ಅಜ್ಜಿಮನೆಗೆ ಹೋದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಊರೂರಿಗೆ ಹಬ್ಬಿದ ಹಂಚಿನ ಮನೆಗಳಲ್ಲಿ ಅದೂ ಒಂದು. ಅಲ್ಲಿ ಅದೇ ಗಿಟಾರ್, ಅದೇ ಬೆರಳು, ಎಲ್ಲ ಸ್ವರವೂ ಸಮ! ಅಜ್ಜಿ ಮಾತ್ರ "ಇದೆಂಥದು, ಗುಂಯ್ ಅಂತ" ಎಂದು ಒಳಗೆ ಹೋದರು. ನನಗೆ ಪಿಯುಸಿಯ ಭೌತಶಾಸ್ತ್ರ ನೆನಪಾಯಿತು.

ಬೇಸ್‌ನ 'ಎ' ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ 55 ಕಂಪನ. ನಮ್ಮ ಊರಿನ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಓಡುತ್ತದೆ. ಭಾಗಿಸಿದರೆ ಆ ಸ್ವರದ ಒಂದು ಅಲೆಯ ಉದ್ದ ಸುಮಾರು 6.3 ಮೀಟರ್, ಅದರ ಅರ್ಧ 3.15 ಮೀಟರ್. ಅಂದರೆ ಹತ್ತಡಿಗಿಂತ ಬರೀ ನಾಲ್ಕು ಇಂಚು ಹೆಚ್ಚು. ಮರುದಿನ ಟೇಪ್ ಹಿಡಿದು ಅಳೆದೆ. ಗೆಳೆಯನ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹೆಚ್ಚುಕಡಿಮೆ ಹತ್ತಡಿ!

ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೆ ಅದು ಅಲ್ಲೇ ನಿಂತುಬಿಡುತ್ತದೆ. ಸ್ಟ್ಯಾಂಡಿಂಗ್ ವೇವ್ ಎಂದರೆ ಇದೇ. ಆಗ ಗೋಡೆಯ ಹತ್ತಿರ ಆ ಸ್ವರ ಗುಡುಗುತ್ತದೆ, ನಟ್ಟನಡುವೆ ಸೊರಗುತ್ತದೆ. ಮೂರು ಅಳತೆಯೂ ಒಂದೇ ಆದರೆ ತೊಂದರೆ ಮೂರು ಪಟ್ಟು. ಮೂಲೆಯ ಡ್ರಮ್ಮರ್ ಹೇಳಿದ್ದೂ ನಿಜ, ನಡುವಿನ ಹಾಡುಗಾರ್ತಿ ಹೇಳಿದ್ದೂ ನಿಜ. ಅಜ್ಜಿಮನೆಯ ಇಳಿಜಾರು ಮಾಡಿನ ಹಂಚುಗಳ ಸಂದಿಯಲ್ಲಿ ಬೇಸ್ ಹೊರಗೆ ಸೋರಿಹೋಗುತ್ತದೆ. ಕಾಂಕ್ರೀಟ್ ಡಬ್ಬದಲ್ಲಿ ಹೋಗಲು ದಾರಿ ಇಲ್ಲ.

ನಿಮಗೂ ಹೀಗಾದರೆ ದುಡ್ಡು ಖರ್ಚು ಮಾಡುವ ಮೊದಲು ಮೂರು ಪರೀಕ್ಷೆ ಮಾಡಿ. ಹೆಡ್‌ಫೋನ್ ಹಾಕಿ ನುಡಿಸಿ, ಅಲ್ಲಿ ಸಮವಾಗಿ ಕೇಳಿದರೆ ಗಿಟಾರ್ ಬಚಾವ್. 'ಎ' ಸ್ವರವನ್ನು ಬಿಟ್ಟ ತಂತಿಯಲ್ಲೂ, 'ಇ' ತಂತಿಯ ಐದನೇ ಫ್ರೆಟ್ಟಿನಲ್ಲೂ ನುಡಿಸಿ. ಎರಡೂ ಕಡೆ ಗುಡುಗಿದರೆ ಅದು ತಂತಿಯ ದೋಷವಲ್ಲ. ಮೂರನೆಯದು, ಒಬ್ಬರು ಅದೇ ಸ್ವರ ನುಡಿಸುತ್ತಿರಲಿ, ನೀವು ಕೋಣೆಯಿಡೀ ನಡೆದು ಕೇಳಿ. ಹೆಜ್ಜೆ ಬದಲಾದಂತೆ ಶಬ್ದ ಬದಲಾದರೆ ಕಳ್ಳ ಸಿಕ್ಕಿದ ಎಂದೇ ಅರ್ಥ.

ನಾವು ಆಂಪನ್ನು ಮೂಲೆಯಿಂದ ಎಬ್ಬಿಸಿ ಗೋಡೆಯ ನಡುಭಾಗಕ್ಕೆ ತಂದೆವು. ಈಕ್ವಲೈಸರ್‌ನಲ್ಲಿ 60 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿದೆವು. ಹಾಡುಗಾರ್ತಿಯನ್ನು ನಡುವಿನಿಂದ ನಾಲ್ಕು ಹೆಜ್ಜೆ ಸರಿಸಿದೆವು. ಮೂಲೆಗೆ ಹಳೇ ಹತ್ತಿ ಹಾಸಿಗೆ ಒರಗಿಸಿದ್ದರಿಂದ ಆದ ಲಾಭ ಅಷ್ಟಕ್ಕಷ್ಟೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೆ ಒಂದು ಮಾತು: ಇಷ್ಟು ಉದ್ದದ ಅಲೆಗೆ ಆ ಟ್ರೇ ಇರುವುದೇ ಗೊತ್ತಾಗುವುದಿಲ್ಲ.

ಕೋಣೆಯೂ ಒಂದು ವಾದ್ಯ ಎಂಬುದು ಹೊಸ ವಿಷಯವೇನಲ್ಲ. ಶಾಲಾ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಹೋದವರೆಲ್ಲ ಅಲ್ಲಿ ಕೂಗಿ ಬಂದವರೇ. ಅಮೆರಿಕದ ಹಾರ್ವರ್ಡ್‌ನಲ್ಲಿ 1895ರಲ್ಲಿ ತೆರೆದ ಸಭಾಂಗಣವೊಂದರಲ್ಲಿ ಪಾಠವೇ ಅರ್ಥವಾಗದಾದಾಗ, ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕ ಉಪನ್ಯಾಸಕಾರರನ್ನು ಬೈಯಲಿಲ್ಲ. ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಶಬ್ದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದ. ಕಟ್ಟಡಗಳ ಧ್ವನಿವಿಜ್ಞಾನ ಹುಟ್ಟಿದ್ದು ಹಾಗೆ.

ನನ್ನ ತಕರಾರು ಇಷ್ಟೇ. ನಮ್ಮಲ್ಲಿ ಸಭಾಂಗಣ ಕಟ್ಟುವಾಗ ಟೈಲ್ಸ್, ಎಸಿ, ದೊಡ್ಡ ಸ್ಪೀಕರ್ ಎಲ್ಲಕ್ಕೂ ದುಡ್ಡು ಇರುತ್ತದೆ, ಗೋಡೆ ಏನು ಮಾಡುತ್ತದೆ ಎಂದು ಕೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಮಾತು ಕೇಳದಿದ್ದರೆ ಮೈಕ್‌ನವನಿಗೆ ಬೈಗುಳ, ಹಾಡು ಕೆಟ್ಟರೆ ಹಾಡಿದವರಿಗೆ. ಸಿವಿಲ್ ಓದುವ ಗೆಳೆಯರೇ, ನಾಳೆ ನಕ್ಷೆ ಬರೆಯುವವರು ನೀವು. ಕೋಣೆಯನ್ನು ಚೌಕವಾಗಿ ಗೀಚುವ ಮೊದಲು ನಮ್ಮನ್ನು ಒಮ್ಮೆ ನೆನೆಯಿರಿ.

ಫೆಸ್ಟ್‌ನಲ್ಲಿ ನಾನು ನುಡಿಸಿದೆ. ಖಾಲಿ ಹಾಲ್‌ನಲ್ಲಿ ಸರಿಯಾಗಿದ್ದ ಬೇಸ್, ಸಂಜೆ ಜನ ತುಂಬಿದಾಗ ದಪ್ಪವಾಯಿತು. ಜನರ ಮೈ, ಬಟ್ಟೆ ಮೇಲಿನ ಸ್ವರಗಳನ್ನು ಹೀರಿದಷ್ಟು ಬೇಸನ್ನು ಹೀರುವುದಿಲ್ಲ. ಗೊತ್ತಿದ್ದ ಕಾರಣ ಒಂದು ಗುಂಡಿ ತಿರುಗಿಸಿ ಸರಿಮಾಡಿಕೊಂಡೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಅಷ್ಟು ಸಾಕಿತ್ತು.

ಪೆಡಲ್ ಈಗ ಕಪಾಟಿನಲ್ಲಿದೆ, ಅಮ್ಮ ಆಗಾಗ ಅದರ ಬೆಲೆ ನೆನಪಿಸುತ್ತಾರೆ. ಗಿಟಾರ್ ಚೀಲದಲ್ಲಿ ಟ್ಯೂನರ್ ಜೊತೆ ಒಂದು ಅಳತೆ ಟೇಪ್ ಇದೆ. ಅದರ ಬೆಲೆ ಅರುವತ್ತು ರೂಪಾಯಿ.