ಸೋರುವ ಶಾಕಪ್, ಹಿಡಿತ ಬಿಡುವ ಟೈರು

ಕಾರಿನ ಶಾಕ್ ಅಬ್ಸಾರ್ಬರ್ ಒಂದೇ ದಿನಕ್ಕೆ ಕೈಕೊಡೋದು ಅಪರೂಪ. ಬ್ಯಾಟರಿ ಸತ್ತರೆ ಗಾಡಿ ಸ್ಟಾರ್ಟೇ ಆಗಲ್ಲ, ಪಂಕ್ಚರ್ ಆದರೆ ಮುಂದೆ ಹೋಗೋಕೇ ಆಗಲ್ಲ. ಇದು ಹಾಗಲ್ಲ. ಸ್ವಲ್ಪ ಸ್ವಲ್ಪವೇ ಸೋಲುತ್ತಾ ಬರುತ್ತೆ, ಓಡಿಸುವವರ ಮೈ ಅದಕ್ಕೆ ಹೊಂದಿಕೊಂಡುಬಿಡುತ್ತೆ. ಅದಕ್ಕೇ ಎಷ್ಟೋ ಸಲ ಮೊದಲ ದೂರು ಬರೋದು ಹಿಂದಿನ ಸೀಟಿನಿಂದ. "ಯಾಕೋ ಈ ಸಲ ಹೊಟ್ಟೆ ತೊಳಸುತ್ತಪ್ಪಾ" ಅಂತ ಅಮ್ಮ ಅಂದರೆ, ದಾರಿಯ ಹೋಟೆಲಿನ ಊಟವನ್ನು ಬೈಯುವ ಮುಂಚೆ ಚಕ್ರದ ಹಿಂದೆ ಒಮ್ಮೆ ಬಗ್ಗಿ ನೋಡಿ.

ಗ್ಯಾರೇಜಿನಲ್ಲಿ ಇದನ್ನ ಶಾಕಪ್ ಅಂತಾರೆ, ನಾವೂ ಹಾಗೇ ಕರೆಯೋಣ. ಗಾಡಿಯ ತೂಕ ಹೊರೋದು, ಹಳ್ಳದ ಏಟು ತಿನ್ನೋದು ಸ್ಪ್ರಿಂಗು. ಕುಣಿಯಲು ಶುರು ಮಾಡಿದ ಆ ಸ್ಪ್ರಿಂಗನ್ನು ಸುಮ್ಮನಾಗಿಸೋದು ಶಾಕಪ್. ಜೋರಾಗಿ ತೂಗುತ್ತಿರುವ ಉಯ್ಯಾಲೆ ನಿಲ್ಲಿಸಲು ಕಾಲನ್ನು ನೆಲಕ್ಕೆ ಉಜ್ಜುತ್ತೇವಲ್ಲ, ಹೆಚ್ಚೂಕಡಿಮೆ ಅದೇ ಕೆಲಸ. ಕೊಳವೆಯೊಳಗೆ ಎಣ್ಣೆ, ಅದರಲ್ಲಿ ಸಣ್ಣ ಸಣ್ಣ ಕಿಂಡಿಗಳಿರುವ ಪಿಸ್ಟನ್. ಎಣ್ಣೆ ಆ ಕಿಂಡಿಗಳಲ್ಲಿ ಒತ್ತಿಕೊಂಡು ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತೆ. ರಾಡ್ ಸುತ್ತಲಿನ ಸೀಲ್ ಸವೆದು ಎಣ್ಣೆ ಸೋರಿಹೋದರೆ ಉಯ್ಯಾಲೆ ತೂಗುತ್ತಲೇ ಇರುತ್ತೆ.

ಕುಲುಕಾಟ ಜಾಸ್ತಿ ಆಗುತ್ತೆ, ಅಷ್ಟೇ ತಾನೇ? ಅಷ್ಟೇ ಅಲ್ಲ. ಬ್ರೇಕು ಹಿಡಿಯೋದು ಚಕ್ರವನ್ನು. ಗಾಡಿಯನ್ನು ನಿಲ್ಲಿಸೋದು ಟೈರಿಗೂ ರಸ್ತೆಗೂ ನಡುವಿನ ಹಿಡಿತ. ಒಂದೊಂದು ಟೈರು ನೆಲ ಮುಟ್ಟುವ ಜಾಗ ಸುಮಾರಾಗಿ ನಮ್ಮ ಅಂಗೈ ಅಗಲ. ಚಕ್ರ ಪುಟಿಯುತ್ತಿದ್ದರೆ ಆ ಅಂಗೈ ಒಂದು ಕ್ಷಣ ಒತ್ತುತ್ತೆ, ಇನ್ನೊಂದು ಕ್ಷಣ ಬರೀ ಸವರುತ್ತೆ. ಸವರುವ ಹೊತ್ತಲ್ಲೇ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಎಬಿಎಸ್ ಇದೆಯಲ್ಲ ಅನ್ನಬೇಡಿ. ಇರುವ ಹಿಡಿತವನ್ನು ಅದು ಜಾಣತನದಿಂದ ಬಳಸುತ್ತೆ, ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತೆ? ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವಾಗ ಇದ್ಯಾವುದೂ ಗೊತ್ತಾಗಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು, ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ತಿರುವಿನಲ್ಲೇ ಹಳ್ಳ ಸಿಕ್ಕಿತು ಅಂದುಕೊಳ್ಳಿ, ಆಗ ಗೊತ್ತಾಗುತ್ತೆ.

ನೋಡೋದು ಕಷ್ಟವೇನಲ್ಲ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ಮೇಲ್ಗಡೆ ತೆಳುವಾದ ಎಣ್ಣೆ ಪಸೆ, ಅದರ ಮೇಲೆ ಧೂಳು ಇದ್ದರೆ ಗಾಬರಿ ಬೇಡ, ರಾಡ್ ಜಾರಲು ಅಷ್ಟು ಪಸೆ ಬೇಕು. ಕೊಳವೆಯುದ್ದಕ್ಕೂ ಎಣ್ಣೆ ಇಳಿದು ಒದ್ದೆಯಾಗಿ ಹೊಳೆಯುತ್ತಿದ್ದರೆ, ತೊಟ್ಟಿಕ್ಕುತ್ತಿದ್ದರೆ, ಅದರ ಕಥೆ ಮುಗೀತು. ಟೈರಿನ ಮೇಲೆ ಕೈಯಾಡಿಸಿ: ಅಲ್ಲಲ್ಲಿ ಬಟ್ಟಲು ತೋಡಿದ ಹಾಗೆ ಸವೆದಿದ್ದರೆ ಅದೂ ಒಂದು ಸುಳಿವು. ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ಕೂರಬೇಕು. ಮತ್ತೆ ಮತ್ತೆ ತೂಗಿದರೆ ಶಾಕಪ್ ಸೋತಿದೆ. ಆದರೆ ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಎಲ್ಲಾ ಸರಿಯಿದೆ ಅಂತಲ್ಲ. ಶಾಕಪ್ ತಯಾರಕರು ಸಾಮಾನ್ಯವಾಗಿ ಹೇಳುವ ಲೆಕ್ಕ 80,000 ಕಿ.ಮೀ. ದಿನಾ ಹಂಪು, ಹಳ್ಳ ದಾಟುವವರು ಅಷ್ಟು ದೂರ ಕಾಯದೆ ಪ್ರತಿ ಸರ್ವಿಸಿನಲ್ಲೂ ನೋಡಿಸೋದು ಒಳ್ಳೇದು.

ಇನ್ನೊಂದು ಮಾತು. ಹಂಪ್ ಮೇಲೆ 'ಟಕ್ ಟಕ್' ಸದ್ದು ಬಂದ ತಕ್ಷಣ ನಾಲ್ಕೂ ಶಾಕಪ್ ಹೋಗಿವೆ ಅಂತ ಒಪ್ಪಿಕೊಳ್ಳಬೇಡಿ. ಸ್ಟೆಬಿಲೈಸರ್ ಲಿಂಕ್, ಬುಷ್, ಮೇಲಿನ ಮೌಂಟ್ ಸವೆದರೂ ಅದೇ ಸದ್ದು. ಗಾಡಿಯನ್ನು ಲಿಫ್ಟ್‌ಗೆ ಏರಿಸಿ, "ಎಲ್ಲಿ ಸೋರ್ತಿದೆ ತೋರಿಸಿ ಅಣ್ಣಾ" ಅನ್ನಿ. ಕೆಲಸ ಗೊತ್ತಿರುವ ಮೆಕ್ಯಾನಿಕ್ ಬೇಜಾರಾಗದೆ ತೋರಿಸ್ತಾರೆ.

ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಎಡಗಡೆಯದು ಮಾತ್ರ ಸೋರಿದ್ದರೂ ಬಲಗಡೆಯದೂ ಅಷ್ಟೇ ಓಡಿರುತ್ತೆ. ಒಂದು ಹೊಸದು, ಒಂದು ಹಳೇದು ಆದರೆ ಎರಡು ಬದಿಯೂ ಬೇರೆ ಬೇರೆ ತರ ವರ್ತಿಸುತ್ತವೆ. ದುಡ್ಡು ಸಾಲದಿದ್ದರೆ ಸೋರುತ್ತಿರುವ ಕಡೆಯ ಜೋಡಿ, ಮುಂದಿನದೋ ಹಿಂದಿನದೋ, ಅದಷ್ಟನ್ನು ಮೊದಲು ಹಾಕಿಸಿ. ಅಲ್ಲಿವರೆಗೂ ಘಾಟಿ ಪ್ರವಾಸ ಮುಂದೂಡಿ, ನಿಧಾನ ಓಡಿಸಿ. ಹಳೇದಕ್ಕೆ ಎಣ್ಣೆ ತುಂಬಿ, ಪೇಂಟ್ ಹೊಡೆದು 'ರೀಕಂಡೀಷನ್' ಅಂತ ಅಗ್ಗಕ್ಕೆ ಕೊಡುವವರಿದ್ದಾರೆ. ಬಿಲ್ಲು, ವಾರಂಟಿ ಇಲ್ಲದ್ದನ್ನು ಕೊಳ್ಳಲೇಬೇಡಿ.

ಬಿಚ್ಚಿದಾಗಲೇ ಬಂಪ್ ಸ್ಟಾಪ್, ಧೂಳಿನ ರಬ್ಬರ್ ಕವರ್, ಮೇಲಿನ ಮೌಂಟ್, ಬೇರಿಂಗ್ ಕೂಡ ನೋಡಿಸಿ. ಸವೆದಿದ್ದರೆ ಆಗಲೇ ಹಾಕಿಸೋದು ಲಾಭ, ಇಲ್ಲದಿದ್ದರೆ ಅದೇ ಲೇಬರ್ ಮತ್ತೆ ಕೊಡಬೇಕಾಗುತ್ತೆ. ಮುಂದಿನದನ್ನು ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬಿಡಬೇಡಿ. ಬಿಟ್ಟರೆ ಹೊಸ ಟೈರೂ ಒಂದು ಬದಿ ಬೇಗ ಸವೆಯಬಹುದು.

ಯೂಟ್ಯೂಬ್ ನೋಡಿ ಮನೇಲೇ ಮಾಡೋಣ ಅನ್ನಿಸುವ ನಮ್ಮಂಥ ಎಂಜಿನಿಯರುಗಳಿಗೆ ಒಂದು ಎಚ್ಚರಿಕೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತೆ. ಅಂದರೆ ಸ್ಪ್ರಿಂಗೂ ಶಾಕಪ್ಪೂ ಒಂದೇ ಜೋಡಣೆಯಲ್ಲಿ. ಆ ಸ್ಪ್ರಿಂಗ್ ಸದಾ ಒತ್ತಡದಲ್ಲಿ ಅದುಮಿಕೊಂಡಿರುತ್ತೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮೇಲಿನ ನಟ್ ಬಿಚ್ಚಿದರೆ ಗುಂಡಿನಂತೆ ಸಿಡಿಯುತ್ತೆ. ಕೋಡ್ ತಪ್ಪಿದರೆ ರೋಲ್‌ಬ್ಯಾಕ್ ಇದೆ, ಇದಕ್ಕಿಲ್ಲ. ಇದನ್ನು ಗ್ಯಾರೇಜಿಗೇ ಬಿಡಿ. ನಿಮ್ಮ ಪಾಲಿನ ಕೆಲಸ ಬಗ್ಗಿ ನೋಡೋದು, ಕೇಳೋದು, ಬಿಲ್ಲಿನಲ್ಲಿ 'ಜೋಡಿ' ಮತ್ತು 'ಅಲೈನ್‌ಮೆಂಟ್' ಎರಡೂ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳೋದು.