ವಾರಾನ್ನವೂ ವಾರಕ್ಕೆ ಇಪ್ಪತ್ತು ಗಂಟೆಯೂ

ನಮ್ಮ ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳು ವಾರಾನ್ನ ಮಾಡಿ ಓದಿದರೆಂದು ಹಿರಿಯರಿಂದ ಕೇಳಿದ್ದೇವೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹೀಗೆ ಏಳು ಮನೆ ಗೊತ್ತಾದರೆ ಪರೀಕ್ಷೆಯವರೆಗೆ ಹೊಟ್ಟೆಯ ಚಿಂತೆಯಿಲ್ಲ. ಆ ಏರ್ಪಾಡಿಗೆ ಜಾತಿಯ ಬೇಲಿ ಇತ್ತೆಂಬುದನ್ನು ಮರೆಯಬಾರದು. ಬೇಲಿ ಕಿತ್ತು ಎಲ್ಲ ಜಾತಿಯ ಮಕ್ಕಳಿಗೂ ಅನ್ನ, ಅಕ್ಷರ ಎರಡನ್ನೂ ಕೊಟ್ಟ ಸಿದ್ಧಗಂಗೆ ನಮ್ಮ ತುಮಕೂರಿನಲ್ಲೇ ಇದೆ. ಈಗ ನಮ್ಮ ಕಡೆಯ ಹುಡುಗರು ಲಂಡನ್ನಿಗೂ ಟೊರೊಂಟೊಗೂ ಹೊರಟಿದ್ದಾರೆ. ಅಲ್ಲಿ ವಾರಾನ್ನವಿಲ್ಲ, ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದೆಂಬ ಕಾನೂನಿದೆ.

ಮಗನನ್ನು ಹೊರದೇಶಕ್ಕೆ ಕಳುಹಿಸುವ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಓದ್ತಾ ಓದ್ತಾ ಪಾರ್ಟ್ ಟೈಮ್ ಮಾಡ್ಕೊಂಡು ಅವನೇ ಸಾಲ ತೀರಿಸ್ಕೋತಾನೆ ಬಿಡಿ." ಈ ಮಾತನ್ನು ನಂಬಿ ಗುಬ್ಬಿಯ ಕಡೆ ತೆಂಗು ಅಡಿಕೆಯ ತೋಟ ಆಧಾರಕ್ಕೆ ಹೋಗುತ್ತದೆ. ಮಾತು ಎಷ್ಟು ಟೊಳ್ಳೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು.

ಇಂಗ್ಲೆಂಡಿನ ಸಂಗತಿಯನ್ನೇ ನೋಡೋಣ. ಪದವಿ ತರಗತಿಯ ಪರದೇಶೀ ವಿದ್ಯಾರ್ಥಿ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸ್ವಂತ ವ್ಯಾಪಾರ ಮಾಡುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿ 21 ವರ್ಷ ದಾಟಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು ಆಯಿತು. ಒಂದು ಗಂಟೆಯೂ ತಪ್ಪದೆ ದುಡಿದರೂ ಆ ದರದಲ್ಲಿ ತಿಂಗಳಿಗೆ ಕೈಗೆ ಬರುವುದು ಸುಮಾರು 1,058 ಪೌಂಡು. ಅದೇ ವರ್ಷದ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಓದುವವನ ಬಳಿ ಖರ್ಚಿಗೆ ತಿಂಗಳಿಗೆ 1,529 ಪೌಂಡಿನಂತೆ ಹಣವಿರಬೇಕೆಂದು ಅಲ್ಲಿಯ ಸರ್ಕಾರವೇ ವಿಧಿಸಿತು. ಅಂದಮೇಲೆ ದುಡಿಮೆ ಊಟ ಬಾಡಿಗೆಗೇ ಸಾಲದು. ಕಾಲೇಜು ಶುಲ್ಕವೆಲ್ಲಿಂದ, ತೋಟದ ಸಾಲವೆಲ್ಲಿಂದ?

ಇನ್ನೊಂದು ವಿಷಯ. ಈ ಗಂಟೆಗಳ ಮಿತಿ ವಿದ್ಯಾರ್ಥಿಯ ವ್ಯಾಸಂಗದ ಹಿತಕ್ಕಾಗಿ ಎಂದು ಹೇಳುವುದುಂಟು. ಅದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಕೆನಡಾದಲ್ಲಿ ಆಳುಗಳ ಅಭಾವವಾದಾಗ 2022ರ ನವೆಂಬರಿನಲ್ಲಿ ಮಿತಿಯನ್ನೇ ಸಡಿಲಿಸಿದರು. 2024ರ ಏಪ್ರಿಲ್ ಮುಗಿದೊಡನೆ ಸಡಿಲಿಕೆಯೂ ಮುಗಿಯಿತು. ಆ ವರ್ಷದ ನವೆಂಬರಿನಲ್ಲಿ 24 ಗಂಟೆ ಎಂದು ಗೊತ್ತುಮಾಡಿದರು. ಆಸ್ಟ್ರೇಲಿಯವೂ 2022ರಲ್ಲಿ ಸಡಿಲಿಸಿ, 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ ಎಂದು ಬಿಗಿಮಾಡಿತು. ಆ ನಡುವೆ ಪಠ್ಯಪುಸ್ತಕಗಳೇನು ತೆಳ್ಳಗಾಗಿದ್ದುವೆ? ಹೋಟೆಲಿಗೆ ತಟ್ಟೆ ತೊಳೆಯುವ ಕೈ ಬೇಕಾದಾಗ ಒಂದು ನ್ಯಾಯ, ಬೇಡವಾದಾಗ ಇನ್ನೊಂದು. ಅಂಥ ಹಗ್ಗವನ್ನು ನಂಬಿ ಬಾವಿಗಿಳಿಯಬಾರದು. ಮಿತಿ ಮೀರಿ ಗುಟ್ಟಾಗಿ ದುಡಿದವನಂತೂ ಕೂಲಿ ಕಡಿಮೆ ಕೊಟ್ಟರೂ ದೂರು ಹೇಳಲಾರ. ದೂರಿದರೆ ಮೊದಲು ಸಿಕ್ಕಿಬೀಳುವವನು ಅವನೇ.

ಜಯಪ್ರಕಾಶ ನಾರಾಯಣರು 1922ರಲ್ಲಿ ಅಮೆರಿಕಕ್ಕೆ ಹೋಗಿ, ದ್ರಾಕ್ಷಿಯ ತೋಟದಲ್ಲೂ ಹೋಟೆಲಿನಲ್ಲೂ ದುಡಿದು, ಓದಿ 1929ರಲ್ಲಿ ಮರಳಿದರು. ಇಂದು ಆ ದಾರಿ ಮುಚ್ಚಿದೆ. ಅಲ್ಲಿ ಈಗ ಮೊದಲ ವರ್ಷ ವಿದ್ಯಾಲಯದ ಆವರಣದೊಳಗಷ್ಟೇ, ಅದೂ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ, ದುಡಿಯಲು ಸಾಧ್ಯ. ಪದವಿಯ ಬಳಿಕ 12 ತಿಂಗಳು ತರಬೇತಿಯ ಹೆಸರಿನಲ್ಲಿ ಕೆಲಸ ಮಾಡಬಹುದು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದಿದವರಿಗೆ ಮೇಲೆ 24 ತಿಂಗಳು ಉಂಟು. ಚರಿತ್ರೆ, ಸಾಹಿತ್ಯ ಓದಿದವರಿಗಿಲ್ಲ. ಕಲಾ ವಿಭಾಗದ ನಾವು ಇದನ್ನು ಗಮನಿಸಬೇಕು. ಅರ್ಥಶಾಸ್ತ್ರದವರು ಗಣಿತದ ಅಂಗಿ ತೊಟ್ಟು ಒಳಗೆ ನುಸುಳುವುದುಂಟು, ಅದು ಬೇರೆ ಮಾತು!

ಪರರನ್ನು ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಬೇಡವೆ? ಆಫ್ರಿಕದಿಂದಲೂ ಅರಬ್ಬೀ ನಾಡುಗಳಿಂದಲೂ ಬೆಂಗಳೂರು, ಮೈಸೂರುಗಳಿಗೆ ಓದಲು ಬರುವವರಿಗೆ ನಮ್ಮ ದೇಶ ಕೊಡುವ ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ ಒಂದು ಗಂಟೆಯ ನೌಕರಿಗೂ ಅವಕಾಶವಿಲ್ಲ. ನೇಪಾಳದವರ ಮಾತು ಬೇರೆ. 1950ರ ಒಪ್ಪಂದದ ಫಲವಾಗಿ ಅವರು ಇಲ್ಲಿ ಓದಲೂ ಬಹುದು, ದುಡಿಯಲೂ ಬಹುದು. ನೇಪಾಳದವನಿಗೆ ಸಲ್ಲುವುದು ಸುಡಾನಿನವನಿಗೆ ವಿದ್ಯಾಲಯದ ಆವರಣದ ಮಟ್ಟಿಗಾದರೂ ಏಕೆ ಸಲ್ಲಬಾರದು? ಲಂಡನ್ನಿನ 20 ಗಂಟೆ ಸಾಲದೆಂದು ಗೊಣಗುವ ನಾವು ಈ ಸೊನ್ನೆಯ ವಿಚಾರದಲ್ಲಿ ತುಟಿ ಬಿಚ್ಚುವುದಿಲ್ಲ.

ನಮ್ಮದೇ ವಿದ್ಯಾರ್ಥಿಗಳಿಗೆ ಸೊನ್ನೆಯೂ ಇಲ್ಲ, ಇಪ್ಪತ್ತೂ ಇಲ್ಲ, ಎಣಿಸುವವರೇ ಇಲ್ಲ. ನಾನಿರುವುದು ಸತ್ಯಮಂಗಲದಲ್ಲಿ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ಮೊದಲ ಪೀರಿಯಡ್ಡಿಗೆ ಬಂದು ಕೂರುವ ಸಹಪಾಠಿಗಳು ನನಗಿದ್ದಾರೆ. ಅವರು ತೂಕಡಿಸುವುದನ್ನು ಕಂಡು ಅಧ್ಯಾಪಕರು ಬೈಯುವುದೂ ಉಂಟು, ಕಂಡೂ ಕಾಣದಂತೆ ಪಾಠ ಮುಂದುವರಿಸುವುದೂ ಉಂಟು. ಎರಡನೆಯವರಿಗೆ ನನ್ನ ನಮಸ್ಕಾರ. ಆದರೆ ಕರುಣೆಗಿಂತ ಏರ್ಪಾಡು ಮೇಲು. ನಮ್ಮ ಗ್ರಂಥಭಂಡಾರದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ, ಪಟ್ಟಿ ಬರೆಯುವ ಕೆಲಸ ಸದಾ ಬಾಕಿ ಇದ್ದೇ ಇರುತ್ತದೆ. ಅದನ್ನು ದಿನಕ್ಕೆ ಎರಡು ಗಂಟೆಯಂತೆ, ನ್ಯಾಯವಾದ ಕೂಲಿ ಕೊಟ್ಟು, ಅಗತ್ಯವಿರುವ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಮೊದಲ ವರ್ಷಕ್ಕೆ ಹತ್ತು ಮಂದಿ ಸಾಕು. ಮಾನ್ಯ ಪ್ರಾಂಶುಪಾಲರು ಈ ಸಲಹೆಯನ್ನು ಮುಂದಿನ ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯ ಮುಂದಿಡಬೇಕೆಂದು ಪ್ರಾರ್ಥಿಸುತ್ತೇನೆ.